ಗುರುಶಾಂತಮ್ಮನವರ ಎರಡನೆಯ ಅಫಿಡವಿಟ್

೪ ಮಾರ್ಚ್ ೧೯೯೪, ಆಳಂದ

ಬೆಳಿಗ್ಗೆ ಎರಡು ಬಾಡಿಗೆ ಕರಾರು, ಆಸ್ತಿ ಪಾಲಿನ ಒಂದು ವಾಟ್ನಿ ದಾವೆ ಟೈಪ್ ಮಾಡಿದೆ. ಕಾರ್ಬನ್ ಮುಗಿದಿದೆ. ವಕೀಲ ಸಾಹೇಬರಿಗೆ ಹೇಳಿ ಹೇಳಿ ಸಾಕಾಯಿತು.

ಮಧ್ಯಾಹ್ನ ಗುರುಶಾಂತಮ್ಮ ಎಂಬವರು ಬಂದರು. ಮಾದನಹಿಪ್ಪರಗಾ ಆಚೆಯ ಹಳ್ಳಿ. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು. ಗಂಡ ಹಣಮಂತರಾಯ ಪೊಲೀಸರಿಗೆ ಸಿಗದೆ ಜೇವರ್ಗಿಯಲ್ಲಿ ತಂಗಿಯ ಮನೆ ಸೇರಿದ್ದಾರಂತೆ. ಹೊಲದ ಕೂಲಿಗೆ ಬರುತ್ತಿದ್ದ ಮಾಳಮ್ಮ ಬಾಯಾರಿ, ಪಡಸಾಲೆಯ ಕೊಡದಿಂದ ತಾನೇ ನೀರು ತೆಗೆದುಕೊಂಡಳು. ಕೊಡ ಉರುಳಿ ಒಡೆಯಿತು. ಯಜಮಾನರು ಜಾತಿ ಹಿಡಿದು ಬೈದು, ಚಪ್ಪಲಿಯಲ್ಲಿ ಹೊಡೆದರು. ಮಾಳಮ್ಮ ದಲಿತಳು, ಹಾಗಾಗಿ ಅಟ್ರಾಸಿಟಿ ಕೇಸು.

ಈ ಕಾಯ್ದೆಯಲ್ಲಿ ಅರೆಸ್ಟಿಗೆ ಮುಂಚೆ ಬೇಲ್ ಇಲ್ಲ. ಕೊಡ ಒಡೆದ ಸಿಟ್ಟು ಅಷ್ಟೇ, ಜಾತಿಯ ಮಾತೇ ಇಲ್ಲ ಎಂದು ತೋರಿಸಿದರೆ ಮಾತ್ರ ದಾರಿ ಎಂದರು ದೌಲತರಾಯ ಸಾಹೇಬರು. ಹಾಗಾಗಿ ಗುರುಶಾಂತಮ್ಮನವರ ಅಫಿಡವಿಟ್. ಅವರು ಹೇಳಿದರು, ನಾನು ಬರೆದುಕೊಂಡೆ:

"ಹನ್ನೊಂದು ವರ್ಷ ಆತು ತಮ್ಮಾ, ಮಾಳಮ್ಮ ನಮ್ಮಲ್ಲಿ ದುಡ್ಯಾಕತ್ತು. ಒಂದ್ ದಿನಾ ಭೇದ ಮಾಡಿಲ್ಲ. ಆಕಿ ಸಲುವಾಗಿನೇ ಬ್ಯಾರೆ ಚಹಾದ ಕಪ್ಪು-ಬಸಿ ತಂದು ದನದ ಕೊಟ್ಟಿಗ್ಯಾಗ ಇಟ್ಟೀವಿ. ದಿನಾ ಎರಡು ಸಲ ಚಹಾ ಕೊಡ್ತೀವಿ."

ಕಣ್ಣಲ್ಲಿ ನೀರು. ನಾಟಕದ್ದಲ್ಲ.

ಇಂಥ ಮಾತನ್ನು ತಿದ್ದುವುದೇ ನನ್ನ ಕೆಲಸ. ತಿದ್ದಲಿಲ್ಲ. ಹೇಳಿದ ಹಾಗೆಯೇ ಇಂಗ್ಲಿಷಿಗೆ ಹಾಕಿದೆ. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಸಾಹೇಬರು ಓದಲಿಲ್ಲ.

೫ ಮಾರ್ಚ್

ಮಾಳಮ್ಮ ಹವಳಗಾದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಹಣಮಂತರಾಯನಿಗೆ ಬೇಲ್ ಸಿಕ್ಕರೆ ಆಕೆ ಮತ್ತೆ ಊರಿಗೆ ಕಾಲಿಡಲಾರಳು.

ನಾನೂ ಅವಳ ಜಾತಿಯವನೇ. ಸಾಹೇಬರಿಗೆ ಗೊತ್ತು, ಎಂದೂ ಎತ್ತಿ ಆಡಿಲ್ಲ. ಅವರ ಉಪ್ಪು ತಿಂದು ಹೀಗೆ ಮಾಡಿದೆನಲ್ಲ... ನಾಚಿಕೆಯಾಗುತ್ತದೆ. ಸ್ವಲ್ಪ ಖುಷಿಯೂ.

೧೬ ಮಾರ್ಚ್

ಗುಲಬರ್ಗಾ ಕೋರ್ಟಿನಲ್ಲಿ ಬೇಲ್ ಅರ್ಜಿ ರಿಜೆಕ್ಟ್. ಜಡ್ಜ್ ಕಪ್ಪು-ಬಸಿಯ ಪ್ಯಾರಾವನ್ನು ಎರಡು ಸಲ ಓದಿದರಂತೆ.

ಸಾಹೇಬರು ಕೋಟು ಬಿಚ್ಚದೆ ಕೂತರು. "ದಶರಥ, ಇದನ್ನ ಓದಿದ್ದೇನಪಾ?"

"ಓದೇ ಟೈಪ್ ಮಾಡೀನ್ರಿ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಹೈಕೋರ್ಟಿಗಿ ಹೋಗೂಣು. ಹೊಸಾ ಅಫಿಡವಿಟ್ ಮಾಡು. ಹಿಂದಿಂದು ಟೈಪಿಸ್ಟನ ತಪ್ಪು ಅಂತ ಹಾಕು. ಆ ಅವ್ವಗ ಓದಿ ಹೇಳ್ಕೋತ ಕೂಡಬ್ಯಾಡ. ಸಹಿ ತಗೋ, ಸಾಕು."

ಹದಿನಾಲ್ಕು ವರ್ಷದಲ್ಲಿ ಮೊದಲ ತಪ್ಪು ನನ್ನ ಹೆಸರಿಗೆ.

೨೧ ಮಾರ್ಚ್

ಟೈಪ್ ಆಯಿತು. "ನಮ್ಮ ಮನೆಯಲ್ಲಿ ಯಾರಿಗೂ ಬೇರೆ ಪಾತ್ರೆ ಇಲ್ಲ." ಅಚ್ಚುಕಟ್ಟಾಗಿ ಬಂದಿದೆ. ನೋಡಿದರೆ ಯಾರಾದರೂ ನಂಬಬೇಕು.

೨೩ ಮಾರ್ಚ್, ಸಂಜೆ ಐದು

ಮೂರಕ್ಕೆ ಗುರುಶಾಂತಮ್ಮ ಬಂದರು. ಸಾಹೇಬರು ಕೋರ್ಟಿನಲ್ಲಿದ್ದರು. ಸಹಿ ಹಾಕುವ ಜಾಗ ತೋರಿಸಿದೆ. ಪೆನ್ನು ಹಿಡಿದರು. ತಡೆಯಲಾಗಲಿಲ್ಲ — ಕನ್ನಡದಲ್ಲಿ ಓದಿ ಹೇಳಿಬಿಟ್ಟೆ.

"ನಿನ್ನ ತಪ್ಪು ಎಲ್ಲಿ ಅದ ತಮ್ಮಾ? ನಾ ಹೇಳಿದ್ದೇ ಬರದಿಯಲ್ಲ. ಕಪ್ಪು-ಬಸಿ ಈಗೂ ಅಲ್ಲೇ ಅದ."

"ಅದನ್ನೇ ಕೋರ್ಟಿನ್ಯಾಗ ಭೇದ ಅಂದ್ರು ಅವ್ವಾರ."

"ಚಹಾ ಕೊಟ್ಟಿದ್ದು ಭೇದ ಆತೇನು? ನೀನರ ಹೇಳು."

"ನಾನೂ ಮಾಳಮ್ಮನ ಪೈಕಿನೇರಿ. ನಿಮ್ಮ ಮನಿಗಿ ಬಂದ್ರ ನನಗ ಎಲ್ಲಿ ಕುಂದರಸ್ತಿದ್ರಿ? ಯಾವುದರಾಗ ಚಹಾ ಕೊಡ್ತಿದ್ರಿ?"

ನನ್ನನ್ನೇ ನೋಡಿದರು. ಮುಖ ಕೆಂಪಾಯಿತು. ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಪೆನ್ನು ಮೇಜಿನ ಮೇಲಿಟ್ಟರು.

"ಕೊರಳಾಗ ಲಿಂಗ ಕಟ್ಕೊಂಡು ಇದಕ ಸಹಿ ಹೆಂಗ ಮಾಡ್ಲಿ? ಯಜಮಾನರಿಗಿ... ನಾನೇ ಹೇಳ್ತೇನಿ, ಪೊಲೀಸರ ಕಡಿ ಹೋಗ್ರಿ ಅಂತ."

ಎದ್ದು ಹೋದರು. ಬಾಗಿಲವರೆಗೂ ಹೋಗಿ ಕಳಿಸಿದೆ. ಸೆರಗು ಬಾಯಿಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮಾಳಮ್ಮ ಊರಿಗೆ ಬರಬಹುದು. ನನ್ನ ಕೆಲಸ ಉಳಿಯಲಿಕ್ಕಿಲ್ಲ. ಮೆಟ್ಟಿಲ ಮೇಲೆ ಸಾಹೇಬರ ಸದ್ದು. ಓದಿ ಹೇಳಿದೆಯಾ ಎಂದು ಕೇಳುತ್ತಾರೆ. ಗಂಡನ ಸಲುವಾಗಿಯೂ ಸುಳ್ಳಿಗೆ ಸಹಿ ಹಾಕಲಿಲ್ಲ ಆ ಹೆಂಗಸು, ಇನ್ನು ನಾನು ಒಂದು ಕೆಲಸದ ಸಲುವಾಗಿ—