ಗುರುವಾರ ನೀನು ಎದ್ದು ನಿಲ್ಲಬೇಡ

ಕಗೋಮಾ ಗುಡ್ಡ
12 ಆಗಸ್ಟ್ 1996, ಸೋಮವಾರ

ಪ್ರೀತಿಯ ಪೆನಿನಾ,

ಕರ್ತನ ಹೆಸರಿನಲ್ಲಿ ನಿನಗೆ ವಂದನೆ. ನನ್ನ ಅಕ್ಷರ ಕಂಡ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಹಾಕು.

ನಿನ್ನೆ ಆರಾಧನೆ ಮುಗಿದ ಮೇಲೆ ನಮ್ಮ ಪ್ರಾರ್ಥನಾ ಕೂಟ ನಡೆಸುವ ಯೊವಾಸಿ ಅಣ್ಣ ಕೂಟದವರನ್ನೆಲ್ಲ ನಿಲ್ಲಿಸಿಕೊಂಡ. "ಯೂನಿಯಾ ತನ್ನ ಪಾಪ ಎಲ್ಲರೆದುರು ಹೇಳಿಕೊಂಡು ಹಗುರಾದಳು. ಪೆನಿನಾ ಮೂರು ತಿಂಗಳಿಂದ ಇತ್ತ ಕಾಲಿಟ್ಟಿಲ್ಲ, ಹಗೆ ಹೊತ್ತು ಕೂತಿದ್ದಾಳೆ. ಗುರುವಾರ ಅವಳ ಅಂಗಳದಲ್ಲೇ ಕೂಟ ಮಾಡೋಣ. ಅವಳೂ ಎದ್ದು ನಿಂತು ಪಶ್ಚಾತ್ತಾಪ ಪಡಲಿ" ಎಂದ. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಮನೆಗೆ ಬಂದು ಗೆಣಸು ಸುಲಿಯಲು ಕೂತಾಗ ಆ ಆಮೆನ್ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು.

ಕಳೆದ ವರ್ಷ ನೀನು ಪಟ್ಟಣದ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದಾಗ ನಿನ್ನ ಮನೆಗೆ ಅಡಿಗೆ ಮಾಡಲು ಬಂದೆನಲ್ಲ, ಅದು ಶುದ್ಧ ಮನಸ್ಸಿನಿಂದಲೇ ಬಂದದ್ದು. ನಂಬು. ನನ್ನ ಗಂಡ ಸತ್ತು ಐದು ವರ್ಷ, ನಾನು ಬೇಯಿಸಿದ್ದನ್ನು ಯಾರೂ ಚೆನ್ನಾಗಿದೆ ಅಂದಿರಲಿಲ್ಲ. ನಿನ್ನ ಯಜಮಾನರು ಒಂದು ದಿನ, "ಯೂನಿಯಾ, ಕಾಳಿಗೆ ಉಪ್ಪು ಹದವಾಗಿದೆ, ನೀನೂ ಕೂತು ಉಣ್ಣು" ಅಂದರು. ಅಷ್ಟೇ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನ್ನ ಮನಸ್ಸಿಗೆ ಮಾತ್ರ ಒಂದು ಯೋಚನೆ ಬಂತು: ಪೆನಿನಾ ಹಿಂದಿರುಗದಿದ್ದರೆ?

ಒಣಹಾಕಿದ ಜೋಳಕ್ಕೆ ಕೋಳಿ ಬಂದರೆ ಹುಶ್ ಎಂದು ಅಟ್ಟುತ್ತೇವೆ. ಇದನ್ನು ನಾನು ಅಟ್ಟಲಿಲ್ಲ. ಮೇಯಲಿ ಎಂದು ನೋಡುತ್ತ ಕೂತೆ. ಗುಡ್ಡದ ಹೊಲ ಅಗೆಯುವಾಗ, ನೀರು ಹೊರುವಾಗ, ಮೊಣಕಾಲೂರಿ ನಿನ್ನ ಆರೋಗ್ಯಕ್ಕೆ ಪ್ರಾರ್ಥಿಸುವಾಗಲೂ ಅದು ಜೊತೆಗಿತ್ತು. ಕೈಯಿಂದ ತಪ್ಪು ಮಾಡಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ವಾಸಿಯಾಗಿ ಬಂದ ದಿನ ನೀನು ಅಡಿಗೆಮನೆಯಲ್ಲಿ ನಿಂತು ನಕ್ಕೆ, "ಏನೇ, ನನ್ನ ಒಲೆಕಲ್ಲನ್ನೇ ಕದಲಿಸಿದ್ದೀಯ! ಮನೆ ನಿನ್ನದೇ ಆಗಿಹೋಯ್ತೇನೇ?" ಅಂದೆ. ನಾನೂ ನಕ್ಕೆ. ಕಿವಿಯೆಲ್ಲ ಬೆಂಕಿಯಾಗಿತ್ತು.

ಮೇ ತಿಂಗಳ ಆ ಗುರುವಾರ ಕೂಟದಲ್ಲಿ ಎದ್ದು ಎಲ್ಲವನ್ನೂ ಹೇಳಿದೆ, ಹೆಸರು ಸಮೇತ. ಹಾಡು ಎದ್ದಿತು, ಹೆಂಗಸರು ಬಂದು ತಬ್ಬಿಕೊಂಡರು. ನೀನೊಬ್ಬಳು ಬೆಂಚಿನಿಂದ ಏಳಲಿಲ್ಲ. ನನ್ನ ಕೊಳೆಯನ್ನು ತೊಳೆದ ನೀರು ನಿನ್ನ ಮಡಿಲಿಗೆ ಬಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಸಂತೆಯಲ್ಲಿ ಉಪ್ಪು ಮಾರುವವಳು ನಿನ್ನ ಯಜಮಾನರನ್ನು, "ಇವತ್ತು ಯಾವ ಹೆಂಡತಿಯ ಅಡಿಗೆಗಪ್ಪಾ ಉಪ್ಪು?" ಎಂದು ಕೇಳಿದಳಂತೆ. ಅಂದಿನಿಂದ ಅವರು ಆ ದಾರಿಯನ್ನೇ ಬಿಟ್ಟರಂತೆ. ನಾನು ಕಳಿಸಿದ ಗೆಣಸಿನ ಬುಟ್ಟಿಯನ್ನು ನೀನು ಮುಟ್ಟದೆ ಹಿಂದೆ ಕಳಿಸಿದೆ. ಸರಿಯಾಗೇ ಮಾಡಿದೆ.

ಇವತ್ತು ಬೆಳಿಗ್ಗೆ ಯೊವಾಸಿ ಅಣ್ಣನ ಮನೆಗೆ ಹೋಗಿ, ಪೆನಿನಾಳಿಂದ ಪಶ್ಚಾತ್ತಾಪ ಕೇಳಬೇಡಿ, ತಪ್ಪು ಇನ್ನೂ ನನ್ನ ಕಡೆಗೇ ಇದೆ ಅಂದೆ. "ತೊಳೆದು ಹೋದದ್ದನ್ನು ಮತ್ತೆ ಕೆದಕುತ್ತೀಯಾ? ಏನು ತಪ್ಪು ಹೇಳು" ಎಂದ. ನಾನು ಹೇಳಲಿಲ್ಲ. ಹಾಗಾದರೆ ಬರುವುದು ಬರುವುದೇ ಎಂದುಬಿಟ್ಟ.

ಬರಲಿ. ಕೂರಿಸು, ಗಂಜಿ ಕೊಡು. ಆದರೆ ಎದ್ದು ನಿಲ್ಲಬೇಡ. ಮಾಡದ ಪಾಪವನ್ನು ಹೇಳಿಕೊಳ್ಳಬೇಡ. ನೋವು ಹಗೆಯಲ್ಲ. ಯಾರಾದರೂ ಒತ್ತಾಯ ಮಾಡಿದರೆ ಈ ಕಾಗದ ಅಲ್ಲೇ ಓದು, ಹೆಸರು ಇದೆ, ಸಹಿ ಇದೆ. ಸಹಿಯ ಕೆಳಗಿನದನ್ನು ಮಾತ್ರ ಓದಬೇಡ, ಅದು ನಿನಗೆ. ನಾನು ಬರುವುದಿಲ್ಲ.

ಕ್ಷಮಿಸು ಎಂದು ಕೇಳುವ ಧೈರ್ಯ ಇಲ್ಲ. ಮೂವತ್ತು ವರ್ಷ ಒಂದೇ ಹೊಲದಲ್ಲಿ ಅಗೆದವರು ನಾವು. ಈಗ ನಿನ್ನ ಗುದ್ದಲಿಯ ಸದ್ದು ಕೇಳಿದರೆ ನಾನು ಕೆಳಗಿನ ಹೊಲಕ್ಕೆ ಇಳಿದುಬಿಡುತ್ತೇನೆ.

ನಿನ್ನ ಗೆಳತಿಯಾಗಿದ್ದ
ಯೂನಿಯಾ ಕ್ಯಾರಿಸೀಮಾ

ತಾ.ಕ.: ಆ ಗುರುವಾರ ಎದ್ದು ನಿಂತಾಗ ಮೊದಲು ಗಂಡಸರ ಸಾಲಿನತ್ತ ನೋಡಿದೆ. ನಿನ್ನ ಯಜಮಾನರು, ಬಾಫಾಕಿ, ಕೂತಿದ್ದರು. ಆಮೇಲೆ ಬಾಯಿ ತೆರೆದೆ. ಹಿಂದಿನ ವಾರ ಅವರು ಬಂದಿರಲಿಲ್ಲ, ಆ ವಾರ ನಾನು ಏಳಲಿಲ್ಲ. ಅವರಿಗೆ ಗೊತ್ತಾಗಲಿ ಎಂದೇ ಹೇಳಿದ್ದು, ಪೆನಿನಾ. ಇದನ್ನೂ ಕೂಟದಲ್ಲಿ ಹೇಳಿದರೆ ಮತ್ತೆ ಅವರ ಕಿವಿಗೆ ಬೀಳುತ್ತದೆ. ಬೀಳಲಿ ಎಂದು ನನ್ನ ಮನಸ್ಸು ಈಗಲೂ ಹೇಳುತ್ತದೆ. ಅದಕ್ಕೇ ನಿನಗೊಬ್ಬಳಿಗೆ ಬರೆದೆ.