ಚಿಲಕ ಮಾತ್ರ ಹಾಕಬೇಡ

ಮಗಳೇ,

ಐದಕ್ಕೇ ಆಸ್ಪತ್ರೆಯ ಲಾಂಡ್ರಿಗೆ ಹೊರಡಬೇಕು, ನಿನ್ನನ್ನು ಎಬ್ಬಿಸುವುದಿಲ್ಲ. ಎಬ್ಬಿಸಿದರೂ ಮಾತಾಡುವವಳಲ್ಲ ನೀನು. ಗಡಿಯಾರ ರಿಪೇರಿಯವರ ವಿಷಯ ಹೇಳಿದಾಗಿನಿಂದ ನಾನು ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಗಿದೆ.

ಹಾಲು ಕಾಯಿಸಿಕೋ. ನೀಲಿ ಅಂಗಿಗೆ ಗುಂಡಿ ಹಾಕಿದ್ದೇನೆ.

ಹತ್ತಕ್ಕೆ ಅವರು ಬರುತ್ತಾರೆ. ನನ್ನನ್ನು ಮದುವೆಯಾಗಲು ನಿನ್ನ ಒಪ್ಪಿಗೆ ಕೇಳಬೇಕಂತೆ. "ನೀವಿಲ್ಲದಾಗ್ಲೇ ಕೇಳ್ತೀನಿ, ಅಮ್ಮನ ಮುಖ ನೋಡ್ಕೊಂಡು ಅವಳು ಹೂಂ ಅನ್ಬಾರ್ದು" ಅಂದರು. ಬಾಗಿಲು ಬಡಿಯುವುದಿಲ್ಲ. ನಿನ್ನಪ್ಪ ಕುಡಿದು ಬಂದು ಬಡಿಯುತ್ತಿದ್ದ ಕಾಲದಿಂದ ಆ ಸದ್ದಿಗೆ ನನ್ನ ಕೈಕಾಲು ತಣ್ಣಗಾಗುವುದು ಅವರಿಗೆ ಗೊತ್ತು. ಮೆಟ್ಟಿಲ ಕೆಳಗೆ ನಿಂತು ಎರಡು ಸಲ ಕೆಮ್ಮುತ್ತಾರೆ. ಶೀತವಲ್ಲ, ಅದೇ ಅವರ ಬೆಲ್.

ಬೇಡ ಎನಿಸಿದರೆ ಬೇಡ ಅನ್ನು. ಬೈದರೂ ನಿಂತು ಕೇಳಿಸಿಕೊಳ್ಳುವ ಮನುಷ್ಯ. ಆದರೆ ಮುಖದ ಮೇಲೆ ಚಿಲಕ ಹಾಕಬೇಡ. ಅವರ ಸ್ವಂತ ಮಗನೇ ಹಾಗೆ ಮಾಡಿದ ಮೇಲೆ ಎರಡು ವರ್ಷದಿಂದ ಅವರು ಯಾರ ಮನೆಗೂ ಹೋಗಿಲ್ಲ. ನಮ್ಮದೇ ಮೊದಲು.

ನಿನ್ನನ್ನು ಬಿಟ್ಟು ನಾನೆಲ್ಲೂ ಹೋಗುವುದಿಲ್ಲ. ಅವರನ್ನು ಬಿಡಲೂ ಜೀವ ಒಪ್ಪುತ್ತಿಲ್ಲ. ನನಗೆ ತುಂಬಾ ಭಯವಾಗುತ್ತಿದೆ, ಕಂದಾ.

ಹನ್ನೊಂದಕ್ಕೆ ಬಿಡುವು, ಫೋನ್ ಕೈಯಲ್ಲೇ ಹಿಡಿದಿರುತ್ತೇನೆ. ಹೂಂ ಆಗಲಿ, ಊಹೂಂ ಆಗಲಿ, ನೀನೇ ಹೇಳು. ಅವರ ಬಾಯಿಂದ ಕೇಳುವ ಧೈರ್ಯ ನನಗಿಲ್ಲ.

ಅಮ್ಮ