ಒಂದು ಕೂದಲಿನಷ್ಟು ಎತ್ತರ

ಜನವರಿ 8, ಸೋಮವಾರ

ಬೆಳಿಗ್ಗೆ ಹಲ್ಲಿಗೆ ಹಾಕುವ ಆರು ಪಿಂಗಾಣಿ ಕ್ಯಾಪ್‌ಗಳು ಕುಲುಮೆಯಿಂದ ಇಳಿದವು. ಒಂದರಲ್ಲೂ ಬಿರುಕಿಲ್ಲ. ಲ್ಯಾಬಿನ ಯಜಮಾನರು ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಸಿಗಲಿಲ್ಲ, ಸುಮ್ಮನೆ ಹೋದರು. ಆ ಮನುಷ್ಯನ ಹೊಗಳಿಕೆ ಅಷ್ಟೇ.

ಮಧ್ಯಾಹ್ನ ಅತ್ತೆಯ ಹಲ್ಲಿಗೆ ಕ್ಯಾಪ್ ಕೂರಿಸುವುದಿತ್ತು. ಹಲ್ಲು ಮಾಡುವ ಲ್ಯಾಬ್‌ನವರು ಕ್ಲಿನಿಕ್ಕಿಗೆ ಹೋಗುವ ವಾಡಿಕೆಯಿಲ್ಲ. ಆದರೂ ಹೋದೆ. ಕೆಳಗಿನ ಬಲಗಡೆಯ ದವಡೆ ಹಲ್ಲು, ನಾಲ್ಕು ದಿನ ಕೂತು ಮಾಡಿದ್ದು. ಉಬ್ಬು, ತಗ್ಗು, ಅಂಚಿನ ಬಣ್ಣ... ಒಂದೂ ಬಿಟ್ಟಿಲ್ಲ. ಅರವತ್ತೆಂಟರ ಬಾಯಿಗೆ ಇಪ್ಪತ್ತರ ಹಲ್ಲು ಕೊಟ್ಟಿದ್ದೇನೆ!

ಡಾಕ್ಟರಮ್ಮ ನೀಲಿ ಕಾಗದ ಇಟ್ಟು ಕಚ್ಚಿಸಿದರು. ಎತ್ತರ ಇದ್ದ ಕಡೆ ನೀಲಿ ದಟ್ಟವಾಗಿ ಅಂಟುತ್ತದೆ. ಅಲ್ಲಿ ಉಜ್ಜುತ್ತಾರೆ.

“ಎತ್ತರ ಅನ್ಸುತ್ತಾ ಅಮ್ಮ?”

ಅತ್ತೆ ನನ್ನ ಮುಖ ನೋಡಿದರು. “ಇಲ್ಲಮ್ಮ, ಹೂವಿಟ್ಟ ಹಾಗಿದೆ.”

“ಒಂದು ಚುಕ್ಕೆ ಕಾಣ್ತಿದೆ. ಒಂಚೂರು ಉಜ್ಜಿಬಿಡ್ಲಾ?”

“ನನ್ನ ಕೆಲಸಕ್ಕೆ ಮಷೀನು ಮುಟ್ಟಿಸ್ಬೇಡಿ ಡಾಕ್ಟ್ರೇ” ಅಂದೆ. ನಕ್ಕರು. ಬಿಟ್ಟರು.

ಲ್ಯಾಬಿನ ಗೋಡೆಗೆ ಒಂದು ಹಲಗೆ ಇದೆ — ‘ಉಜ್ಜದೇ ಕೂತದ್ದು’. ಕ್ಲಿನಿಕ್‌ನಲ್ಲಿ ಯಾರದಾದರೂ ಒಂದು ಕ್ಯಾಪ್ ಉಜ್ಜಿದರೆ ಅವರ ಎಣಿಕೆ ಮತ್ತೆ ಸೊನ್ನೆಯಿಂದ. ಪಕ್ಕದ ಮೇಜಿನ ಮೇಣದಣ್ಣ (ಮೇಣದಲ್ಲಿ ಹಲ್ಲು ಕೆತ್ತುವುದೇ ಅವನ ಕೆಲಸ) ಇಷ್ಟು ವರ್ಷದಲ್ಲಿ ನಲವತ್ತೊಂದು ದಾಟಿಲ್ಲ. ನನ್ನದು ಇವತ್ತಿಗೆ 188. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. ತಲೆಗೆ ಎರಡು ಕೋಡು ಮೂಡಿದ ಹಾಗಿತ್ತು, ಇರಲಿ. ಯಾರು ನೋಡಬೇಕು.

ಜನವರಿ 14, ಭಾನುವಾರ

ಅತ್ತೆಯದು ಗೇಟಿನ ಹತ್ತಿರವೇ ಠಿಕಾಣಿ. ಹಾಲಿನವನು, ಪಕ್ಕದ ಮನೆ ಟೈಲರಮ್ಮ, ಮೀಟರ್ ನೋಡಲು ಬಂದವನು — ಯಾರಿಗೂ ಬಿಡುಗಡೆಯಿಲ್ಲ. ಕೈಯಲ್ಲಿ ಪುಟ್ಟ ಟಾರ್ಚು. ಬಾಯಿ ಅಗಲಿಸಿ, ಬೆಳಕು ಬಿಟ್ಟು, “ನೋಡಿ, ನಮ್ಮ ಸೊಸೆ ಮಾಡಿದ್ದು. ಅಸಲಿ ಯಾವ್ದು, ಇದು ಯಾವ್ದು, ಹೇಳಿ ನೋಡೋಣ!”

ಮೀಟರಿನವನು ತಪ್ಪು ಹಲ್ಲು ತೋರಿಸಿದನಂತೆ. ಇಡೀ ದಿನ ಅದೇ ಕಥೆ. ಇವರು ಊಟಕ್ಕೆ ಕೂತಾಗ, “ನಾನು ಮೊದಲ ಸಂಬಳ ತಂದಾಗ್ಲೂ ಅಮ್ಮ ಇಷ್ಟು ಕುಣೀಲಿಲ್ಲ” ಅಂದರು. ಕುಣಿಯಲಿ. ಮದುವೆಯಾದ ಹೊಸತರಲ್ಲಿ “ಹಲ್ಲು ಮಾಡೋ ಹುಡುಗೀನಾ?” ಎಂದು ಮೂಗು ಮುರಿದವರು ಇದೇ ಅತ್ತೆಯಲ್ಲವೆ.

ಫೆಬ್ರವರಿ 20, ಮಂಗಳವಾರ

ಅತ್ತೆ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಕಿವಿಯ ಹತ್ತಿರ ನೋವು, ಶೀತಕ್ಕಂತೆ. ಕಿವಿ ಡಾಕ್ಟರು ನೋಡಿ, ಕಿವಿ ಚೆನ್ನಾಗಿದೆ ಎಂದರು. ಆಮೇಲೆ ಅತ್ತೆ ದಿಂಬಿನ ಮೇಲೆ ತಪ್ಪು ಹೊರಿಸಿದರು. ಹೊಸ ದಿಂಬು ಬಂತು. ನೋವು ಹೋಗಲಿಲ್ಲ. ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದಾರೆ. ಟಾರ್ಚು ಕಾಣಲಿಲ್ಲ ಈ ವಾರ.

ನನ್ನ ಎಣಿಕೆ 205.

ಮಾರ್ಚ್ 11, ಸೋಮವಾರ

ಬಲವಂತ ಮಾಡಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಕೆನ್ನೆಯ ಮೇಲೆ ಬೆರಳಿಟ್ಟರು, ಅತ್ತೆ ಹೌಹಾರಿದರು. ದವಡೆಯ ಸ್ನಾಯು ಕಲ್ಲಾಗಿದೆ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿಲ್ಲ.

“ಆ ಕ್ಯಾಪ್ ಒಂದ್ಸಲ ನೋಡ್ಬೇಕು ಕಣ್ರಿ.”

ಮೂಗಿನ ತುದಿಗೆ ಬಂತು ಕೋಪ. “ಅದಲ್ಲ ಡಾಕ್ಟ್ರೇ. ನಿದ್ದೆಯಲ್ಲಿ ಹಲ್ಲು ಕಡೀತಾರೇನೋ. ರಾತ್ರಿ ಹಲ್ಲಿನ ಮೇಲೆ ಹಾಕ್ಕೊಳ್ಳೋಕೆ ಪ್ಲೇಟು ಮಾಡಿಕೊಡ್ತೀನಿ.”

“ಮಾಡಿ. ಸ್ನಾಯು ಸಡಿಲ ಆಗ್ಲಿ ಮೊದಲು. ಆಮೇಲೆ ನೋಡೋಣ.”

ಆಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ. ಬರೆದಿಡುತ್ತೇನೆ.

ಏಪ್ರಿಲ್ 1, ಸೋಮವಾರ

ಮೂರು ವಾರ ಆಗುತ್ತಾ ಬಂತು ಪ್ಲೇಟು ಕೊಟ್ಟು. ಗಾಜಿನಷ್ಟು ತಿಳಿ, ಮೇಲಿನ ಸಾಲಿಗೆ ಕೂತರೆ ಕೂತದ್ದೇ ಗೊತ್ತಾಗದು. ನೋವು ಇಳಿದಿದೆ. ಸ್ಕಾರ್ಫ್ ಮತ್ತೆ ಬೀರು ಸೇರಿತು. ಇವತ್ತು ಇವರ ಪೆದ್ದು ಜೋಕಿಗೆ ಅತ್ತೆ ಬಾಯಿ ತುಂಬ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ನನ್ನ ಕೈಗೆ ನಾನೇ ಕೈಮುಗಿಯಬೇಕು.

ಎಣಿಕೆ 219.

ಏಪ್ರಿಲ್ 5, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆ ಪ್ಲೇಟು ತೆಗೆದು ಅಡುಗೆಮನೆ ನಲ್ಲಿಯಲ್ಲಿ ತೊಳೆಯುತ್ತಿದ್ದರು. ಬಾಯಿ ಮುಚ್ಚಿದರು. ಟಿಕ್. ಒಂಟಿ ಸದ್ದು. ಇಪ್ಪತ್ತೆರಡು ವರ್ಷದಿಂದ ಪಳಗಿದ ಕಿವಿ ನನ್ನದು. ಎಲ್ಲ ಹಲ್ಲೂ ಒಟ್ಟಿಗೆ ಕೂತರೆ ಸದ್ದು ದಪ್ಪಗೆ ಬರುತ್ತದೆ. ಇದು ಒಂದೇ ಹಲ್ಲಿನದು.

ಬ್ಯಾಗಿನಲ್ಲಿ ಲ್ಯಾಬಿನ ತಗಡಿನ ಪಟ್ಟಿ ಇತ್ತು, ಕೂದಲಿಗಿಂತ ತೆಳು. ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ ಎಳೆಯಬೇಕು; ಹಲ್ಲಿಗೆ ಹಲ್ಲು ತಾಗಿದ ಕಡೆ ಮಾತ್ರ ಅದು ಸಿಕ್ಕಿಕೊಳ್ಳುತ್ತದೆ. ಎಡಗಡೆ — ಜಾರಿ ಬಂತು. ಮುಂದೆ — ಜಾರಿ ಬಂತು. ಬಲಗಡೆ, ನನ್ನ ಹಲ್ಲಿನ ಮೇಲೆ... ಬರಲಿಲ್ಲ. ಜೋರಾಗಿ ಎಳೆದೆ. ಹರಿಯಿತು.

ಇಷ್ಟು ದಿನ ದವಡೆ ಆ ಎತ್ತರದಿಂದ ತಪ್ಪಿಸಿಕೊಳ್ಳಲು ಓರೆಯಾಗಿ ಮುಚ್ಚುತ್ತಿತ್ತು, ಅದಕ್ಕೇ ನೋವು. ಪ್ಲೇಟು ಅದನ್ನು ಸಡಿಲಿಸಿ ತನ್ನ ಜಾಗಕ್ಕೆ ತಂದಿದೆ. ನಾನು ಮಾಡಿದ ಹಲ್ಲಿನ ಮೇಲೆ ನಾನು ಮಾಡಿದ ಪ್ಲೇಟೇ ಸಾಕ್ಷಿ ಹೇಳಿತು.

“ಅತ್ತೆ, ಯಾವಾಗಿಂದ ಗೊತ್ತು ನಿಮ್ಗೆ?”

ನಲ್ಲಿ ನಿಲ್ಲಿಸಿದರು. “ಕುರ್ಚಿ ಮೇಲಿದ್ದಾಗ್ಲೇ ಗೊತ್ತಾಯ್ತು ಕಣೆ. ಕಲ್ಲು ಸಿಕ್ಕಿದ ಹಾಗಿತ್ತು.”

“ಮತ್ತೆ ಹೂವು ಅಂದ್ರಿ?”

“ನೀನು ಎದುರಿಗೇ ನಿಂತಿದ್ಯಲ್ಲ. ನನ್ನೊಂದು ಹಲ್ಲಿಗೋಸ್ಕರ ನಿನ್ನ ಅಷ್ಟೂ ಎಣಿಕೆ ಅಳಿಸಿಹೋಗ್ಬೇಕಾ? ಅಭ್ಯಾಸ ಆಗುತ್ತೆ ಅಂದ್ಕೊಂಡೆ.”

ಮೂರು ತಿಂಗಳು! ಸಿಟ್ಟು ಬಂತು ಮೊದಲು. ಆಮೇಲೆ ಅಳು. ಅವರ ಎದುರು ಎರಡನ್ನೂ ನುಂಗಿದೆ.

ಏಪ್ರಿಲ್ 6, ಶನಿವಾರ

ಲ್ಯಾಬಿನ ಕಪಾಟಿನಿಂದ ಅತ್ತೆಯ ಹಲ್ಲಿನ ಪ್ಲಾಸ್ಟರ್ ಅಚ್ಚು ತೆಗೆದೆ. ಮೇಲಿನ ಸಾಲಿನಲ್ಲಿ, ಕ್ಯಾಪಿಗೆ ಎದುರಾಗುವ ಹಲ್ಲಿನ ಮೇಲೆ ಚಾಕು ಕೆರೆದ ಗುರುತು. ನನ್ನದೇ ಚಾಕು. ಪ್ಲಾಸ್ಟರ್ ಎರೆದಾಗ ಗಾಳಿಗುಳ್ಳೆಯಿಂದ ಗಂಟು ಏಳುತ್ತದೆ, ಕೆರೆದು ತೆಗೆಯುತ್ತೇವೆ, ದಿನಕ್ಕೆ ಹತ್ತು ಸಲ. ಆದರೆ ನಾನು ಕೆರೆದದ್ದು ಗಂಟಲ್ಲ, ಅತ್ತೆಯ ಹಲ್ಲಿನ ನಿಜವಾದ ತುದಿ. ಹಾಗಾಗಿ ನನ್ನ ಕ್ಯಾಪಿನ ಎತ್ತರದ ಉಬ್ಬುಗಳು ಅಚ್ಚಿನ ಮೇಲೆ ಚೆನ್ನಾಗಿ ಕೂತವು. ಬಾಯಲ್ಲಿ ಕೂರಲಿಲ್ಲ.

ಮೇಣದಣ್ಣನಿಗೆ ತೋರಿಸಿದೆ. “ಹೋಗ್ಲಿ ಬಿಡಮ್ಮ, ಮನೆಯೋರದ್ದು ತಾನೆ, ಲೆಕ್ಕಕ್ಕೆ ಹಿಡಿಯಲ್ಲ” ಅಂದ. ಒಳ್ಳೆಯವನು. ಒಂದು ಕ್ಷಣ ಆಸೆಯೂ ಆಯಿತು, ಸುಳ್ಳೇಕೆ.

ಏಪ್ರಿಲ್ 8, ಸೋಮವಾರ

ಕ್ಲಿನಿಕ್. ತಪ್ಪು ನನ್ನದು ಎಂದೆ, ಅಚ್ಚು ತೋರಿಸಿದೆ. ಡಾಕ್ಟರಮ್ಮ, “ಅವತ್ತು ಚುಕ್ಕೆ ಕಂಡೂ ಬಿಟ್ಟೆನಲ್ಲ, ನಂದೂ ಇದೆ” ಎಂದರು. ನೀಲಿ ಕಾಗದ. ಕಚ್ಚಿಸಿದರು. ಚುಕ್ಕೆ ಮಸಿ ಚೆಲ್ಲಿದಂತೆ. ಎಲ್ಲಿ ಉಜ್ಜಬೇಕೆಂದು ನಾನೇ ಹೇಳಿದೆ — ಒಳಗಿನ ಇಳಿಜಾರು, ಅಂಚು ಬೇಡ. ಆ ಇಳಿಜಾರಿಗೇ ಒಂದು ಇಡೀ ದಿನ ಕೊಟ್ಟಿದ್ದೆ. ಮಷೀನು ಕೂಗಿತು. ಬಿಳಿ ಪುಡಿ.

“ಈಗ ಹೇಗಿದೆ ಅಮ್ಮ?”

ಅತ್ತೆ ಮತ್ತೆ ನನ್ನ ಮುಖ ನೋಡಿದರು. “ಸಾಕಮ್ಮ, ಸರಿಹೋಯ್ತು. ಹೂವು.”

ಅದೇ ಹೂವು! ಆಗ ಹೊಳೆಯಿತು ನನಗೆ. ನಾನು ಅಲ್ಲಿ ನಿಂತಿರುವ ತನಕ ಈ ಹೆಂಗಸು ನಿಜ ಹೇಳುವುದಿಲ್ಲ. ಬ್ಯಾಗು ಎತ್ತಿಕೊಂಡೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಬೆಂಚಿನ ಮೇಲೆ ಕೂತೆ. ಒಳಗೆ ಗುಸುಗುಸು. ಮಷೀನು ಶುರುವಾಯಿತು. ನಿಂತಿತು. “ಇನ್ನೂ ಸ್ವಲ್ಪ” — ಅತ್ತೆಯ ದನಿ. ಮತ್ತೆ ಮಷೀನು. “ಇಲ್ಲ, ಇನ್ನೂ ಇದೆ.” ಮತ್ತೆ. ಮತ್ತೆ. ನಾಲ್ಕು ದಿನದ ಕೆಲಸ ಬಾಗಿಲಾಚೆ ಪುಡಿಯಾಗುತ್ತಿತ್ತು. ಹೊಟ್ಟೆ ಉರಿಯಬೇಕಿತ್ತು. ಆದರೆ ಅತ್ತೆ ಪ್ರತಿ ಸಲ “ಇನ್ನೂ” ಎಂದಾಗ ನನ್ನ ಎದೆ ಉಬ್ಬುತ್ತಿತ್ತು. ಕೊನೆಗೆ ಮೌನ. ಆಮೇಲೆ ಸದ್ದು, ಬಾಗಿಲ ಹೊರಗೂ ಕೇಳಿಸಿತು. ಟಪ್. ದಪ್ಪಗೆ. ಎಲ್ಲ ಹಲ್ಲೂ ಒಟ್ಟಿಗೆ.

ಸಂಜೆ ಲ್ಯಾಬಿನಲ್ಲಿ ಹಲಗೆ ನಾನೇ ಒರೆಸಿದೆ. 223 ಇತ್ತು. ದೊಡ್ಡ ಸೊನ್ನೆ ಬರೆದೆ. ಯಜಮಾನರು ಬಂದರು, ನೋಡಿದರು, ಸುಮ್ಮನೆ ಹೋದರು.

ಏಪ್ರಿಲ್ 22, ಸೋಮವಾರ

ಎಣಿಕೆ 9. ಇನ್ನು ಮೇಲೆ ಕ್ಯಾಪ್ ಹೋದ ಹದಿನೈದನೇ ದಿನ ಕ್ಲಿನಿಕ್ಕಿಗೆ ಫೋನು ಮಾಡಿ ಕೇಳುತ್ತೇನೆ — ಹಾಕಿಸಿಕೊಂಡವರು ತಿನ್ನುತ್ತಿದ್ದಾರಾ, ನಗುತ್ತಿದ್ದಾರಾ? ಆಮೇಲೆಯೇ ಹಲಗೆಗೆ ಬರೆಯುವುದು. ಮೇಣದಣ್ಣ ತಲೆ ಕೆಟ್ಟಿದೆ ಎನ್ನುತ್ತಾನೆ.

ಬೆಳಿಗ್ಗೆ ಅತ್ತೆ ಹಸಿ ಕ್ಯಾರೆಟ್ ಕಡಿದ ಸದ್ದಿಗೆ ಇವರು ಪೇಪರು ಕೆಳಗಿಟ್ಟರು. ಬಲಗಡೆಯಿಂದಲೇ ಕಡಿದರು, ಬೇಕೆಂದೇ, ನನ್ನನ್ನು ನೋಡುತ್ತಾ. ಈಗ ಗೇಟಿನ ಹತ್ತಿರ ಟೈಲರಮ್ಮನ ಜೊತೆ ನಿಂತಿದ್ದಾರೆ. ಇಲ್ಲಿಗೇ ಕೇಳಿಸುತ್ತಿದೆ.

“ಚಪ್ಪಟೆ ಆಗಿದ್ಯಲ್ರೀ ಇದು?”

“ಆಗ್ಲೇಬೇಕಿತ್ತು. ಐದು ಸಲ ಉಜ್ಜಿಸಿದ್ದಾಳೆ ನಮ್ಮ ಸೊಸೆ, ಎದೆ ಗಟ್ಟಿ ಮಾಡ್ಕೊಂಡು, ಹೊರಗೆ ಕೂತು. ಯಾರು ಮಾಡ್ತಾರೆ ಹೇಳಿ? ಸರಿಯಾಗಿ ಕಾಣ್ತಿಲ್ಲ ನಿಮ್ಗೆ, ತಾಳಿ... ಏ, ಎಲ್ಲೇ ಇಟ್ಟೆ ನನ್ನ ಟಾರ್ಚು?”

ನನ್ನ ಮೇಜಿನ ಮೇಲೇ ಇದೆ. ಕಣ್ಣು ಯಾಕೋ ಮಂಜು... ಬಂದೆ ಅತ್ತೆ, ಟಾರ್ಚು ತಂದೆ—